ಕೆಲಸವೇ ಪೂಜೆ ಆದರೆ ದೀಪ ಯಾಕೆ ಹಚ್ಚಬೇಕು?

ಪ್ರಶ್ನೆ: ನಮ್ಮ ಯಜಮಾನರ ಊರು ಮಂಡ್ಯದ ಹತ್ತಿರ ಹೊಳಲು. ಮದುವೆಯಾದಾಗಿನಿಂದ ಬೆಂಗಳೂರಿನಲ್ಲಿದ್ದೇವೆ. ನಾನು ಆಸ್ಪತ್ರೆಯಲ್ಲಿ ನರ್ಸ್. ತಿಂಗಳಿಗೆ ಹತ್ತು ದಿನವಾದರೂ ನೈಟ್ ಡ್ಯೂಟಿ ಇರುತ್ತೆ, ಮನೆ ಸೇರುವಾಗ ಬೆಳಿಗ್ಗೆ ಒಂಬತ್ತು. ಹೋದ ವರ್ಷ ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇದ್ದಾರೆ. ಹೊತ್ತು ಹುಟ್ಟೋ ಮುಂಚೆ ದೇವರ ಮುಂದೆ ದೀಪ ಇರಬೇಕು, ಅದನ್ನು ಸೊಸೆಯೇ ಹಚ್ಚಬೇಕು ಅಂತಾರೆ. ಒಂದಿನ ಬೇಜಾರಾಗಿ, "ರಾತ್ರಿಯೆಲ್ಲ ರೋಗಿಗಳ ಸೇವೆ ಮಾಡ್ತೀನಲ್ಲ, ಅದೇ ನನ್ನ ಪೂಜೆ" ಅಂದುಬಿಟ್ಟೆ. ಅವತ್ತಿಂದ ನನ್ನ ಕೈಯಿಂದ ಕಾಫಿ ತಗೊಳ್ಳೋದು ಬಿಟ್ಟಿದ್ದಾರೆ. ಎದುರು ಮನೆಯವರು ಕ್ರೈಸ್ತರು. ದಿನಾ ಸಂಜೆ ಏಳೂವರೆಗೆ ಮಕ್ಕಳು ದೊಡ್ಡವರು ಎಲ್ಲ ಕೂತು ಪ್ರಾರ್ಥನೆ ಮಾಡ್ತಾರೆ, ಊಟಕ್ಕೆ ಮುಂಚೆಯೂ ಮಾಡ್ತಾರೆ. ಅತ್ತೆಯೇ ಅಂದರು, "ಅವರ ಮನೇಲಿ ದಿನಾ ದೇವರ ಹೆಸರು ಕೇಳ್ತದೆ, ನಮ್ಮನೇಲಿ ಟೀವಿ ಕೇಳ್ತದೆ" ಅಂತ. ನಾವೂ ಹಾಗೇ ಶುರು ಮಾಡೋಣ ಅಂದರೆ ಯಜಮಾನರು, ಅದು ಅವರ ಪದ್ಧತಿ, ನಮಗ್ಯಾಕೆ ಅಂತಾರೆ. ಕೆಲಸವೇ ಪೂಜೆ ಅಂದಿದ್ದು ತಪ್ಪಾ? ಅವರ ಮನೆಗೆ ಊಟಕ್ಕೆ ಹೋದಾಗ ಪ್ರಾರ್ಥನೆಗೆ ನಾವೂ ಕೈ ಮುಗಿಯಬಹುದಾ? ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ದೀಪ ಇಟ್ಟರೆ ನಡೆಯುತ್ತಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ನೀವು ಕೇಳಿರುವುದು ನಾಲ್ಕು ಪ್ರಶ್ನೆ. ಐದನೆಯದೊಂದು ಪತ್ರದೊಳಗೆ ಅವಿತಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೆಲಸವೇ ಪೂಜೆ ಅನ್ನುವ ಮಾತು ತಪ್ಪಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದ 46ನೆಯ ಶ್ಲೋಕದ ಅರ್ಥವೇ ಅದು. ಮನುಷ್ಯ ತನ್ನ ಪಾಲಿಗೆ ಬಂದ ಕೆಲಸದಿಂದಲೇ ಭಗವಂತನನ್ನು ಅರ್ಚಿಸಿ ಸಿದ್ಧಿ ಪಡೆಯುತ್ತಾನೆ ಎಂದು ಕೃಷ್ಣ ಹೇಳುತ್ತಾನೆ. ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಕಥೆ ಇದೆ. ಮಿಥಿಲೆಯಲ್ಲಿ ಮಾಂಸ ಮಾರುತ್ತಿದ್ದವನು ಅವನು. ತಪಸ್ಸಿನ ಗರ್ವ ಹೊತ್ತ ಕೌಶಿಕ ಧರ್ಮ ಕಲಿಯಲು ಅವನ ಹತ್ತಿರ ಹೋಗಬೇಕಾಯಿತು. ನಿನ್ನ ದೇವರು ಯಾರು ಎಂಬುದಕ್ಕೆ ವ್ಯಾಧ ತೋರಿಸಿದ್ದು ಮನೆಯೊಳಗೆ ಕೂತಿದ್ದ ಮುದಿ ತಂದೆತಾಯಿಯನ್ನು. ಕೌಶಿಕನೋ, ವೇದ ಕಲಿಯಬೇಕೆಂದು ತನ್ನ ತಂದೆತಾಯಿಯನ್ನು ಬಿಟ್ಟು ಬಂದವನು. ಹಾಗಾಗಿ ರೋಗಿಯ ಪಕ್ಕದಲ್ಲಿ ಎಚ್ಚರವಿದ್ದು ಕಳೆದ ರಾತ್ರಿಯನ್ನು ಪೂಜೆ ಅಲ್ಲ ಅನ್ನುವ ಧೈರ್ಯ ಯಾವ ಶಾಸ್ತ್ರಿಗೂ ಇರಬಾರದು.

ಆದರೆ ಆ ಮಾತನ್ನು ನೀವು ಹೇಳಿದ್ದು ಯಾವಾಗ? ಜಗಳದಲ್ಲಿ. ಕೆಲಸ ಪೂಜೆ ಆಗುವುದು ಬೇರೆ, ದೀಪ ಹಚ್ಚದೆ ಇರುವುದಕ್ಕೆ ಆ ಮಾತು ಸಮಜಾಯಿಷಿ ಆಗುವುದು ಬೇರೆ. ಈಗ ಆಫೀಸುಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ಈ ಎರಡನೆಯದೇ ಹೆಚ್ಚು ಕೇಳಿಸುತ್ತಿದೆ. ಶಂಕರಾಚಾರ್ಯರದೆಂದು ಹೇಳುವ ಶಿವಮಾನಸಪೂಜಾ ಸ್ತೋತ್ರ ನಿಮ್ಮಲ್ಲಿ ಕೆಲವರಿಗೆ ಬಾಯಿಪಾಠ ಇರಬಹುದು. ನಾನು ನಡೆಯುವುದೆಲ್ಲ ನಿನಗೆ ಪ್ರದಕ್ಷಿಣೆ, ಆಡುವುದೆಲ್ಲ ನಿನ್ನ ಸ್ತುತಿ ಎಂಬ ಭಾವ ಅದರಲ್ಲಿದೆ. ಇದನ್ನು ಎತ್ತಿ ಹೇಳುವವರು ಒಂದು ಸಂಗತಿ ಮರೆಯುತ್ತಾರೆ. ಅದು ಸ್ತೋತ್ರದ ಮೊದಲಲ್ಲಿ ಬರುವುದಿಲ್ಲ. ಆಸನ, ಸ್ನಾನ, ಗಂಧ, ಹೂವು, ನೈವೇದ್ಯ, ತಾಂಬೂಲ, ಎಲ್ಲ ಉಪಚಾರವನ್ನೂ ಮನಸ್ಸಿನಲ್ಲೇ ಒಂದೊಂದಾಗಿ ಮಾಡಿ ಮುಗಿಸಿದ ಮೇಲೆ ಬರುತ್ತದೆ. ಕೂತು ಪೂಜೆ ಮಾಡಿದ ಮನಸ್ಸು ಎದ್ದು ನಡೆದಾಗ ಆ ನಡಿಗೆ ಪ್ರದಕ್ಷಿಣೆಯಾಗುತ್ತದೆ. ಕೂತೇ ಇಲ್ಲದವನ ನಡಿಗೆ ಬರೀ ನಡಿಗೆ.

"ಹಾಗಾದರೆ ಶರಣರು?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ, ಕಾಯಕದಲ್ಲಿದ್ದಾಗ ಗುರುದರ್ಶನ, ಲಿಂಗಪೂಜೆಯನ್ನೂ ಮರೆಯಬಹುದು ಎನ್ನುವಷ್ಟು ದೂರ ಹೋದವನು. ಆದರೆ ಅವನ ಕೊರಳಲ್ಲಿ ಇಷ್ಟಲಿಂಗ ಇತ್ತು, ಅದರ ನಿತ್ಯಪೂಜೆ ಇತ್ತು. ಅದಕ್ಕಿಂತ ಮುಖ್ಯ, ಮನೆಯಲ್ಲಿ ಲಕ್ಕಮ್ಮ ಇದ್ದಳು. ಒಂದು ದಿನ ಆತ ಹೆಚ್ಚಿಗೆ ಅಕ್ಕಿ ತಂದಾಗ, ಇಷ್ಟೊಂದು ನಮಗ್ಯಾಕೆ, ತಗೊಂಡು ಹೋಗಿ ಅಲ್ಲೇ ಸುರಿದು ಬನ್ನಿ ಎಂದು ವಾಪಸು ಕಳಿಸಿದವಳು. ಕೆಲಸ ಕಾಯಕವಾಗಬೇಕಾದರೆ ಲಕ್ಕಮ್ಮ ಇಟ್ಟ ಆ ಅಳತೆಯಲ್ಲಿ ಪಾಸಾಗಬೇಕು. ಓವರ್‌ಟೈಮ್ ಲೆಕ್ಕ ಹಾಕುತ್ತಾ "ವರ್ಕ್ ಈಸ್ ವರ್ಶಿಪ್" ಎಂದು ಬೋರ್ಡ್ ತೂಗುಹಾಕುವುದಕ್ಕೂ ಅದಕ್ಕೂ ಬಹಳ ಅಂತರ.

ಇನ್ನು ಎದುರು ಮನೆ. ನೀವು ಬರೆದದ್ದು ನೋಡಿದರೆ ಅವರು ಕ್ಯಾಥೊಲಿಕರಿರಬಹುದು, ಸಂಜೆ ಹೇಳುವುದು ಜಪಸರ ಇರಬಹುದು. ಮಣಿ ಹಿಡಿದು ಹತ್ತು ಹತ್ತರಂತೆ ಐದು ಸುತ್ತು, ಒಂದೊಂದು ಸುತ್ತಿಗೆ ಯೇಸುವಿನ ಮತ್ತು ಅವನ ತಾಯಿ ಮರಿಯಳ ಬದುಕಿನ ಒಂದೊಂದು ಪ್ರಸಂಗದ ಧ್ಯಾನ. ಯಾವ ವಾರ ಯಾವ ಪ್ರಸಂಗ ಅಂತ ಗೊತ್ತುಮಾಡಿದ್ದಾರೆ, ನಮ್ಮಲ್ಲಿ ಸೋಮವಾರ ಈಶ್ವರ, ಶನಿವಾರ ಆಂಜನೇಯ ಇದ್ದ ಹಾಗೆ. ಎಲ್ಲಾ ಸೇರಿ ಕಾಲು ಗಂಟೆ, ಇಪ್ಪತ್ತು ನಿಮಿಷ. ಪ್ರಾಟೆಸ್ಟೆಂಟರ ಮನೆಗಳಲ್ಲಿ ಮಣಿ ಇರುವುದಿಲ್ಲ; ಬೈಬಲಿನ ಒಂದು ಭಾಗ ಓದಿ, ಒಂದು ಹಾಡು ಹೇಳಿ, ಯಾರಾದರೊಬ್ಬರು ಸ್ವಂತ ಮಾತಿನಲ್ಲಿ ಪ್ರಾರ್ಥಿಸುತ್ತಾರೆ. ಕುಟುಂಬ ಪ್ರಾರ್ಥನೆ ಅನ್ನುತ್ತಾರೆ. ಚರ್ಚಿನ ಭಾನುವಾರದ ಆರಾಧನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನೆಯ ಈ ಕಾಲು ಗಂಟೆ ಹೊರಗಿನವರಿಗೆ ಕಾಣುವುದಿಲ್ಲ, ಆದರೆ ಅವರ ವಾರವನ್ನೆಲ್ಲ ಹಿಡಿದು ನಿಲ್ಲಿಸುವುದು ಅದೇ.

ಅವರಲ್ಲೂ ನೀವು ಕೇಳಿದ ಪ್ರಶ್ನೆಯೇ ಎದ್ದಿತ್ತು. ಯೇಸುವಿನ ನಂತರದ ಮೊದಲ ತಲೆಮಾರಿನ ಪೌಲ ಡೇರೆ ಮಾಡುವ ಕಸುಬಿನವನು. ರೋಮಿನ ಸಭೆಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ, ನಿಮ್ಮ ದೇಹವನ್ನೇ ಜೀವಂತ ಬಲಿಯಾಗಿ ದೇವರಿಗೆ ಕೊಡಿ, ಅದೇ ಆರಾಧನೆ ಎಂಬ ಅರ್ಥದ ಮಾತು ಹೇಳುತ್ತಾನೆ. ಅಂದರೆ ಬದುಕುವ ರೀತಿಯೇ ಪೂಜೆ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ಬರೆದ ನಿಯಮಗಳಲ್ಲಿ ಉಗ್ರಾಣದ ಅಧಿಕಾರಿಗೆ ಒಂದು ಸೂಚನೆ ಇದೆ: ಮಠದ ಪಾತ್ರೆ ಪಡಗ, ಸಾಮಾನು ಸರಂಜಾಮನ್ನೆಲ್ಲ ಪೂಜಾವೇದಿಯ ಪಾತ್ರೆಗಳಂತೆಯೇ ನೋಡಿಕೊಳ್ಳಬೇಕು. ನಮ್ಮ ಆಯುಧಪೂಜೆ ನೆನಪಾಗುವುದಿಲ್ಲವೇ? ನಾವು ವರ್ಷಕ್ಕೊಂದು ದಿನ ಕುಡುಗೋಲು, ಹೊಲಿಗೆ ಮೆಷಿನ್, ಸ್ಕೂಟರಿಗೆ ಹೂ ಮುಡಿಸುತ್ತೇವೆ. ಅವರು ಅದನ್ನು ಪ್ರತಿದಿನದ ನಿಯಮ ಮಾಡಿದರು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಎಂಬಾತ, ಪಾತ್ರೆಗಳ ಸದ್ದಿನ ನಡುವೆಯೂ ಮಂಡಿಯೂರಿ ಕೂತಷ್ಟೇ ದೇವರು ಹತ್ತಿರ ಇರುತ್ತಾನೆ ಎನ್ನುತ್ತಿದ್ದ. 1691ರಲ್ಲಿ ತೀರಿಕೊಂಡ. ಅವನ ಮಾತುಗಳು ಇವತ್ತಿಗೂ ಓದಿಸಿಕೊಳ್ಳುತ್ತವೆ. ಆದರೆ ಇವರಲ್ಲಿ ಯಾರೂ "ಹಾಗಾದರೆ ಪ್ರಾರ್ಥನೆಯ ಹೊತ್ತು ಬೇಡ" ಅನ್ನಲಿಲ್ಲ. ಬೆನೆಡಿಕ್ಟರ ಮಠದಲ್ಲಿ ಹಗಲು ಏಳು ಸಲ, ರಾತ್ರಿ ಒಂದು ಸಲ ಎದ್ದು ಪ್ರಾರ್ಥನೆಗೆ ಸೇರಬೇಕಿತ್ತು. ಲಾರೆನ್ಸ್ ಕೂಡ ತನ್ನ ಮಠದ ಗೊತ್ತಾದ ಪ್ರಾರ್ಥನೆಗಳಲ್ಲಿ ಕೂತವನೇ.

ಹಾಗಂತ ಎದುರು ಮನೆಯವರೆಲ್ಲ ಋಷಿಗಳು, ನಾವೆಲ್ಲ ಟೀವಿಯವರು ಎಂದುಕೊಳ್ಳಬೇಡಿ. ಭಾನುವಾರ ಮಾತ್ರ ಕ್ರೈಸ್ತರು, ಮಿಕ್ಕ ದಿನ ಯಾರೋ ಎಂದು ಅವರ ಪಾದ್ರಿಗಳೇ ಬೈಯುವುದುಂಟು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಆಮೋಸನೆಂಬ ಪ್ರವಾದಿ ಬರುತ್ತಾನೆ. ಕುರಿ ಮೇಯಿಸುವವನು, ಅತ್ತಿಮರ ನೋಡಿಕೊಳ್ಳುವವನು. ನಿಮ್ಮ ಹಬ್ಬ, ಬಲಿ, ಹಾಡು ನನಗೆ ಬೇಡ, ನ್ಯಾಯ ನೀರಿನಂತೆ ಹರಿಯಲಿ ಎಂದು ದೇವರ ಪರವಾಗಿ ಅವನು ಗದರುತ್ತಾನೆ. ಪೂಜೆ ಒಣಗಿಹೋಗುವ ಕಾಯಿಲೆ ಒಂದು ಧರ್ಮದ್ದಲ್ಲ.

"ಅದು ಅವರ ಪದ್ಧತಿ" ಎನ್ನುವ ನಿಮ್ಮ ಯಜಮಾನರಿಗೆ ಅವರ ಜಿಲ್ಲೆಯದೇ ಒಂದು ಸಂಗತಿ ಹೇಳಿ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1800ರಲ್ಲಿ ಕಟ್ಟಿದ ಒಂದು ಚರ್ಚು ಇದೆ. ಅಬ್ಬೆ ದುಬಾಯ್ ಚರ್ಚ್ ಅಂತಲೇ ಹೆಸರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಈ ದುಬಾಯ್. ಇಲ್ಲಿಯವರಂತೆ ಉಡುಪು ತೊಟ್ಟು, ಇಲ್ಲಿಯ ರೀತಿಯಲ್ಲೇ ಉಂಡು ಬದುಕಿದ. ಜನ ಅವನನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಹಿಂದೂಗಳ ನಡೆನುಡಿ, ನಿತ್ಯಕರ್ಮ, ಸಂಧ್ಯಾವಂದನೆ, ಊಟದ ನಿಯಮ ಎಲ್ಲವನ್ನೂ ವಿವರಿಸುವ ದಪ್ಪ ಪುಸ್ತಕವೊಂದು ಅವನ ಹೆಸರಿನಲ್ಲಿದೆ, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಬಹಳಷ್ಟು ಅವನಿಗಿಂತ ಹಿಂದಿನ ಇನ್ನೊಬ್ಬ ಫ್ರೆಂಚ್ ಪಾದ್ರಿಯ ಬರಹದಿಂದ ತೆಗೆದದ್ದು ಎಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಅದರ ಎಷ್ಟೋ ತೀರ್ಮಾನಗಳು ನಮಗೆ ಒಪ್ಪಿಗೆಯಾಗುವಂಥವೂ ಅಲ್ಲ. ಆದರೂ ನೋಡಿ, ಸಮುದ್ರ ದಾಟಿ ಬಂದ ಪಾದ್ರಿಗಳು ನಮ್ಮವರು ಬೆಳಿಗ್ಗೆ ಎದ್ದು ಏನೇನು ಮಾಡುತ್ತಾರೆ ಎಂದು ಅಷ್ಟು ಕಣ್ಣಿಟ್ಟು ನೋಡಿದರು. ಎದುರು ಬಾಗಿಲಿನ ಮನೆಯನ್ನು ನಾವು ನೋಡಿದರೆ ಏನು ಕೆಟ್ಟುಹೋಗುತ್ತದೆ? ಮಾತಿನಲ್ಲಿ ಈ ಕೊಡುಕೊಳ್ಳುವಿಕೆ ಆಗಲೇ ಆಗಿದೆ. ಕನ್ನಡ ಕ್ಯಾಥೊಲಿಕರು ತಮ್ಮ ಆರಾಧನೆಗೆ ಬಲಿಪೂಜೆ ಅನ್ನುತ್ತಾರೆ, ಅಲ್ಲಿ ಹಂಚುವುದಕ್ಕೆ ಪರಮಪ್ರಸಾದ, ಮಣಿಮಾಲೆಗೆ ಜಪಸರ. ಒಂದು ಪದವೂ ನಿಮ್ಮ ಅತ್ತೆಗೆ ಹೊಸದಲ್ಲ.

ಹಾಗೆ ನೋಡಿದರೆ ಅತ್ತೆ ಹೊಳಲಿನಿಂದ ತಂದ ಗಂಟಿನಲ್ಲೂ ಇದೆಲ್ಲ ಇದೆ. ಯುಗಾದಿಗೆ ಹೊನ್ನಾರು ಹೂಡುವುದು, ಕಣದಲ್ಲಿ ರಾಶಿ ಪೂಜೆ, ಆಲೆಮನೆಯಲ್ಲಿ ಒಲೆಗೆ ಕೈಮುಗಿದು ಬೆಂಕಿ ಹಾಕುವುದು, ರಾಗಿ ಬೀಸುವಾಗ ಕಲ್ಲನ್ನೇ ಮಾತಾಡಿಸಿ ಹಾಡುವುದು. ಬೆಳಿಗ್ಗೆಯ ಬೋಣಿ ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವ ಅಂಗಡಿಯವನು, ಕಾಲು ತಗುಲಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಮಗು, ಇವರಿಗೆ ಯಾರು ಶಾಸ್ತ್ರ ಹೇಳಿಕೊಟ್ಟರು? ಗೃಹಸ್ಥನಿಗೆ ಹೇಳಿರುವ ಪಂಚಮಹಾಯಜ್ಞದ ಹಿನ್ನೆಲೆಯೂ ಅಡುಗೆಮನೆಯೇ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ, ಈ ಐದು ಕಡೆ ಗೊತ್ತಿಲ್ಲದೆ ಸಣ್ಣ ಜೀವಿಗಳಿಗೆ ಹಿಂಸೆ ಆಗುತ್ತದೆ, ಅದರ ಪರಿಹಾರಕ್ಕೆ ಐದು ಯಜ್ಞ ಎನ್ನುತ್ತದೆ ಮನುಸ್ಮೃತಿಯ ಮೂರನೆಯ ಅಧ್ಯಾಯ. ಓದು ಬ್ರಹ್ಮಯಜ್ಞ, ಪೂಜೆ ದೇವಯಜ್ಞ, ಹಿರಿಯರ ಸ್ಮರಣೆ ಪಿತೃಯಜ್ಞ, ಹಸು ಕಾಗೆಗೆ ಹಾಕುವ ತುತ್ತು ಭೂತಯಜ್ಞ, ಬಂದವರ ಉಪಚಾರ ಮನುಷ್ಯಯಜ್ಞ. ನಿಮ್ಮ ಆಸ್ಪತ್ರೆಯ ರಾತ್ರಿಯನ್ನು ಧೈರ್ಯವಾಗಿ ಈ ಐದನೆಯದರ ಜೊತೆ ಸೇರಿಸಿ. ಆದರೆ ಐದು ಐದೇ. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಿಕೊಳ್ಳಲು ಅಲ್ಲಿ ದಾರಿ ಇಟ್ಟಿಲ್ಲ. ಮತ್ತು ಗಮನಿಸಿ, ಇದನ್ನೆಲ್ಲ ಹೇಳಿರುವುದು ಗೃಹಸ್ಥನಿಗೆ. ಮೊದಲ ಹೊಣೆ ನಿಮ್ಮ ಯಜಮಾನರದು. ಸೊಸೆಯೇ ದೀಪ ಹಚ್ಚಬೇಕು ಎಂಬ ವಿಧಿ ಇಲ್ಲ. ನೀವು ನೈಟ್ ಡ್ಯೂಟಿಯಲ್ಲಿರುವ ದಿನ ಅವರು ಎದ್ದು, ಸ್ನಾನ ಮಾಡಿ, ಎರಡು ಬತ್ತಿ ಹಚ್ಚಲಿ. ಅದರಿಂದ ಯಾವ ದೋಷವೂ ಇಲ್ಲ, ಗಂಡಸಿನ ಮರ್ಯಾದೆಯೂ ಹೋಗುವುದಿಲ್ಲ.

ಈಗ ಆ ಐದನೆಯ ಪ್ರಶ್ನೆ. ಹೊತ್ತಿಗೆ ಮುಂಚೆ ದೀಪ ಇರಲೇಬೇಕು ಎನ್ನುವ ಅತ್ತೆ, ಆ ಹೊತ್ತಿಗೆ ಮನೆಯಲ್ಲೇ ಎದ್ದಿರುವ ಅತ್ತೆ, ತಾವೇ ಯಾಕೆ ಹಚ್ಚುತ್ತಿಲ್ಲ? ಸೊಸೆಯನ್ನು ಆಳಬೇಕೆಂದಲ್ಲ ಅಂತ ನನಗನ್ನಿಸುತ್ತದೆ. ಹೋದ ವರ್ಷ ನಿಮ್ಮ ಮಾವ ಹೋದರು ಅಂತ ಬರೆದಿದ್ದೀರಿ. ಗಂಡ ಹೋದ ಹೆಂಗಸು ದೇವರ ದೀಪ ಹಚ್ಚಬಾರದು, ಮಂಗಳಕಾರ್ಯಕ್ಕೆ ಮುಂದೆ ನಿಲ್ಲಬಾರದು ಎಂದು ನಮ್ಮ ಸೀಮೆಯಲ್ಲಿ ಎಷ್ಟೋ ಜನ ನಂಬಿದ್ದಾರೆ. ಯಾರೋ ಹೇಳಿರುತ್ತಾರೆ, ಇವರು ಬಾಯಿಬಿಟ್ಟು ಕೇಳಿರುವುದಿಲ್ಲ. ನಲವತ್ತು ಐವತ್ತು ವರ್ಷ ಹಚ್ಚಿದ ದೀಪದಿಂದ ತಾವೇ ದೂರ ನಿಂತು, ಅದು ಆರಬಾರದೆಂದು ನಿಮ್ಮ ಕೈಯನ್ನು ಕೇಳುತ್ತಿರಬಹುದು. ಸ್ಪಷ್ಟವಾಗಿ ಹೇಳುತ್ತೇನೆ: ವಿಧವೆ ದೇವರ ದೀಪ ಹಚ್ಚಬಾರದು ಎಂಬ ಮಾತು ರೂಢಿ, ಶಾಸ್ತ್ರವಲ್ಲ. ಜಪ, ಪೂಜೆ, ವ್ರತದಲ್ಲಿ ಕಾಲ ಕಳೆಯಲಿ ಎಂದೇ ಹಿಂದಿನವರು ಹೇಳಿರುವಾಗ ದೀಪ ನಿಷಿದ್ಧವಾಗುವುದು ಹೇಗೆ? ವರ್ಷದೊಳಗೆ ಹಬ್ಬ ಮಾಡುವುದಿಲ್ಲ, ಅದು ಸರಿ. ಆದರೆ ಸೂತಕ ಕಳೆದ ಮೇಲೆ ನಿತ್ಯದೀಪಕ್ಕೆ ಅಡ್ಡಿಯಿಲ್ಲ. ಈ ಪುಟವನ್ನು ನೀವು ಓದಿ ಹೇಳಬೇಡಿ, ನಿಮ್ಮ ಯಜಮಾನರು ತಾಯಿಗೆ ಓದಿ ಹೇಳಲಿ. ಮಗನ ಬಾಯಿಂದ ಬಂದರೆ ಅದರ ತೂಕವೇ ಬೇರೆ.

ಕಾಫಿಯ ವಿಷಯಕ್ಕೂ ಎದುರು ಮನೆಯ ಗ್ರಂಥದಲ್ಲೊಂದು ಮಾತಿದೆ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಹೇಳುವುದು: ನೀನು ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಅಸಮಾಧಾನ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ರಾಜಿಯಾಗು, ಆಮೇಲೆ ಬಂದು ಅರ್ಪಿಸು. ದೇವರನ್ನು ಕಾಯಿಸಿ ಎನ್ನುವ ಮಾತು ಇದು! ಅಸಮಾಧಾನ ನಿನಗಿದ್ದರೆ ಅನ್ನಲಿಲ್ಲ, ಅವನಿಗಿದ್ದರೆ ಅಂದ. ಯಾರು ಸರಿ ಯಾರು ತಪ್ಪು ಎಂದು ಲೆಕ್ಕ ಹಾಕುತ್ತಾ ಕೂರಲು ಅಲ್ಲಿ ಜಾಗವಿಲ್ಲ. ನಿಮಗೂ ಅನ್ವಯಿಸುತ್ತದೆ, ಅತ್ತೆಗೂ ಅನ್ವಯಿಸುತ್ತದೆ. "ಅತ್ತೆ, ಅವತ್ತು ದಣಿದಿದ್ದೆ, ಮಾತು ಒರಟಾಯ್ತು" ಎಂದು ಒಂದು ಸಲ ಹೇಳಿ. ಪೂಜೆ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿಲ್ಲ.

ಸಂಜೆಯ ಪ್ರಾರ್ಥನೆ ಶುರು ಮಾಡಿ, ಖಂಡಿತ. ಹತ್ತೇ ನಿಮಿಷ ಸಾಕು, ಆದರೆ ಹೊತ್ತು ಗೊತ್ತಿರಲಿ. ಮೊದಲ ವಾರವೇ ಸಹಸ್ರನಾಮ ಎಂದು ಹೊರಟವರು ಮೂರನೆಯ ವಾರಕ್ಕೆ ಬಿಟ್ಟುಬಿಡುತ್ತಾರೆ. ದೀಪ ಹಚ್ಚಿ ಮನೆದೇವರ ಹೆಸರು ಹೇಳಿ, ಮಕ್ಕಳಿಗೆ ಬರುವ ಒಂದು ಸ್ತೋತ್ರವೋ ದೇವರನಾಮವೋ ವಚನವೋ ಆಗಲಿ. ನಿಮ್ಮ ಮಾವನವರ ಹೆಸರನ್ನೂ ನೆನೆಯಿರಿ. ಅತ್ತೆ ಹೇಳಿಕೊಡಲಿ, ನೀವೆಲ್ಲ ಹಿಂದೆ ಹೇಳಿ. ಆ ಹತ್ತು ನಿಮಿಷ ಟೀವಿಯ ಜೊತೆ ಫೋನೂ ಬಂದ್. ನೀವು ಡ್ಯೂಟಿಗೆ ಹೊರಡುವ ಹೊತ್ತು ಅದೇ ಆದರೆ ನಿಂತು ಕೈಮುಗಿದು ಹೊರಡಿ, ಸಾಲದು ಎಂದು ಕೊರಗಬೇಡಿ. ವಾರ್ಡಿನಲ್ಲಿ ರೋಗಿಯ ಹತ್ತಿರ ಹೋಗುವ ಮುಂಚೆ ಹೇಗೂ ಕೈ ತೊಳೆಯುತ್ತೀರಿ. ಆ ನೀರು ಬೀಳುವಷ್ಟು ಹೊತ್ತು ದೇವರ ಒಂದು ಹೆಸರು ನಾಲಿಗೆಯ ಮೇಲಿರಲಿ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ, ಮಾಡುವುದು, ಉಣ್ಣುವುದು, ಕೊಡುವುದು ಎಲ್ಲವನ್ನೂ ನನಗೆ ಅರ್ಪಿಸು ಎಂದು ಕೃಷ್ಣ ಹೇಳುವುದಕ್ಕೆ ಇದಕ್ಕಿಂತ ಸುಲಭದ ಸಾಧನೆ ನನಗೆ ಕಾಣದು. ಬೆಳಿಗ್ಗೆ ಬಂದು ಸ್ನಾನವಾದ ಮೇಲೆ ದೇವರಿಗೊಂದು ಹೂವಿಟ್ಟು ಮಲಗಿ.

ಎದುರು ಮನೆಯ ಊಟದ ಪ್ರಾರ್ಥನೆಗೆ ನೀವು ಕೈ ಮುಗಿದರೆ ಏನೂ ತಪ್ಪಿಲ್ಲ. ಕೃಷ್ಣರಾಜನಗರದ ಹತ್ತಿರ ದೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬ ಜೂನ್ 13ಕ್ಕೆ, ಅಲ್ಲಿಗೆ ಹೋಗಿ ಕೈಮುಗಿಯುವ ಹಿಂದೂಗಳು ಎಷ್ಟು ಜನ! ಅವರು ಊಟಕ್ಕೆ ಮುಂಚೆ ಹೇಳುವುದು, ಈ ಅನ್ನ ಕೊಟ್ಟೆ, ಮಾಡಿದ ಕೈಗಳನ್ನು ಹರಸು ಎಂಬ ಕೃತಜ್ಞತೆಯಷ್ಟೆ. ನಮ್ಮಲ್ಲಿ ಪರಿಷೇಚನೆ ಮಾಡುವವರು, ಮೊದಲ ತುತ್ತು ತೆಗೆದಿಡುವವರು ಮಾಡುವುದೂ ಅದನ್ನೇ. ಅನ್ನ ನೈವೇದ್ಯವಾಯಿತೋ ಇಲ್ಲವೋ ಎಂಬ ಚಿಂತೆ ಬೇಡ. ಸುಮ್ಮನೆ ತಲೆಬಾಗಿ ಕೂರಿ, "ಆಮೆನ್" ಅನ್ನಲೇಬೇಕೆಂದಿಲ್ಲ. ಒಂದೇ ಎಚ್ಚರಿಕೆ: ಮದುವೆಗೋ ಮತ್ತೊಂದಕ್ಕೋ ಅವರ ಚರ್ಚಿಗೆ ಹೋದಾಗ, ಪ್ರಸಾದ ಕೊಡುತ್ತಿದ್ದಾರೆ ಅಂತ ಸಾಲಿನಲ್ಲಿ ನಿಲ್ಲಬೇಡಿ. ಪರಮಪ್ರಸಾದ ದೀಕ್ಷಾಸ್ನಾನ ಪಡೆದ ಅವರ ಸಭೆಯವರಿಗೆ ಮೀಸಲು. ಕೂತಲ್ಲೇ ಕೂತರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೊನೆಯದು ಕರೆಂಟ್ ದೀಪ. ದೇವರ ಗೂಡಿಗೆ ಬೆಳಕಾಗಿ ಇಡಿ, ಆದರೆ ಅದನ್ನು ದೀಪ ಹಚ್ಚಿದ ಲೆಕ್ಕಕ್ಕೆ ಹಿಡಿಯಬೇಡಿ. ದೀಪ ಅಂದರೆ ಎಣ್ಣೆ ಇಲ್ಲವೇ ತುಪ್ಪ, ಬತ್ತಿ, ಮತ್ತು ಹಚ್ಚುವ ಒಂದು ಕೈ. ಹಾಗೆಂದು ಬಾಗಿಲು ಹಾಕಿದ ಫ್ಲ್ಯಾಟಿನಲ್ಲಿ ಉರಿಯುವ ದೀಪ ಬಿಟ್ಟು ಹೋಗಬೇಡಿ. ಪರದೆ, ಮರದ ಮಂಟಪ ಹತ್ತಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಸಣ್ಣ ಹಣತೆಗೆ ಅರ್ಧ ಚಮಚ ಎಣ್ಣೆ ಹಾಕಿ, ಉರಿಯುವಷ್ಟು ಹೊತ್ತು ಯಾರಾದರೊಬ್ಬರು ಮನೆಯಲ್ಲಿರಿ. ನಿಮ್ಮ ಮನೆಯಲ್ಲಂತೂ ಬೆಳಿಗ್ಗೆ ಅತ್ತೆ ಇದ್ದೇ ಇರುತ್ತಾರೆ.